ಸಮೂಹ ಚಿತ್ರಪ್ರದರ್ಶನಕ್ಕೆ 71 ಕೃತಿ ಬಂದಿವೆ, ಆಯ್ಕೆ ಹೇಗೆ ಮಾಡುವುದು?

ಕುಂಚ_ಉಡುಪಿ ಕೇಳಿದ್ದು:

ಉಡುಪಿಯಲ್ಲಿ ನಮ್ಮ ಕಲಾವಿದರ ಬಳಗದಿಂದ ಡಿಸೆಂಬರ್ ಮೊದಲ ವಾರ ಐದು ದಿನದ ಸಮೂಹ ಪ್ರದರ್ಶನ ಉಂಟು. ಒಬ್ಬರಿಗೆ ಗರಿಷ್ಠ 3 ಎಂದು ಹೇಳಿದ್ದೆವು. 24 ಕಲಾವಿದರಿಂದ 71 ಕೃತಿಗಳ ಫೋಟೋ ಬಂದಿವೆ. ಅರ್ಧಕ್ಕಿಂತ ಹೆಚ್ಚು ಜಲವರ್ಣ, ಉಳಿದವು ಅಕ್ರಿಲಿಕ್, ಕೆಲವು ತೈಲವರ್ಣ, 4 ಟೆರಾಕೋಟಾ ಶಿಲ್ಪ. ಸಭಾಂಗಣದ ಒಳ ಅಳತೆ 40 × 24 ಅಡಿ, ಎರಡು ಬಾಗಿಲು, ಮೂರು ಕಿಟಕಿ. ಆಯ್ಕೆ ಸಮಿತಿಯಲ್ಲಿ 5 ಜನ: ಮೂವರು ಬಳಗದವರೇ, ಇಬ್ಬರು ಹೊರಗಿನವರು.

ಪ್ರಶ್ನೆಗಳು ಇವು. ಗೋಡೆಗೆ ನಿಜವಾಗಿ ಎಷ್ಟು ಹಿಡಿಸುತ್ತವೆ? ಹತ್ತಕ್ಕೆ ಅಂಕ ಹಾಕಿ ಕೂಡಿಸಿ ಮೇಲಿನಿಂದ ತೆಗೆದುಕೊಂಡರೆ ಸಾಕೇ? ಪ್ರತಿಯೊಬ್ಬರದ್ದು ಒಂದಾದರೂ ಇರಲೇಬೇಕು ಎಂದು ಕೆಲವರು, ಆಹ್ವಾನದಲ್ಲಿ "ಆಯ್ದ ಕಲಾಕೃತಿಗಳು" ಎಂದೇ ಬರೆದಿದ್ದೇವಲ್ಲ ಎಂದು ಇನ್ನು ಕೆಲವರು. ಇನ್ನೊಂದು, 71ರಲ್ಲಿ 14 ಯಕ್ಷಗಾನ, 9 ಮಲ್ಪೆ ಬಂದರು ಮತ್ತು ದೋಣಿ. ಇವನ್ನು ಏನು ಮಾಡುವುದು?

ಗೋಡೆ_ಅಳತೆ ಉತ್ತರಿಸಿದ್ದು:

ಮೊದಲು ಟೇಪು ಹಿಡಿಯಿರಿ, ಆಮೇಲೆ ಚಿತ್ರ ನೋಡಿ. ನಿಮ್ಮ ಹಾಲ್‌ನ ಸುತ್ತಳತೆ 128 ಅಡಿ. ಬಾಗಿಲು ತಲಾ ನಾಲ್ಕೂವರೆ ಅಡಿ ಎಂದರೆ 9, ಕಿಟಕಿ ತಲಾ 5 ಎಂದರೆ 15. ಉಳಿಯಿತು 104. ಸ್ವಿಚ್ ಬೋರ್ಡು, ಎಸಿ, ಬೆಂಕಿ ನಂದಿಸುವ ಸಿಲಿಂಡರ್ ಇರುವ ಕಡೆ ಚಿತ್ರ ಹಾಕಲಾಗುವುದಿಲ್ಲ, ಅದಕ್ಕೆ 4 ಕಳೆಯಿರಿ. ನಾಲ್ಕು ಮೂಲೆಗಳಲ್ಲಿ ಎರಡೂ ಕಡೆ ಒಂದೊಂದು ಅಡಿ ಬಿಡಲೇಬೇಕು. ಮೂಲೆಗೆ ಅಂಟಿಸಿದ ಎರಡು ಚಿತ್ರಗಳ ಮುಂದೆ ಇಬ್ಬರು ಒಟ್ಟಿಗೆ ನಿಲ್ಲಲಾಗುವುದಿಲ್ಲ. ಹಾಗೆ 8 ಅಡಿ ಹೋದರೆ ಕೈಯಲ್ಲಿ ಉಳಿಯುವುದು 92.

ಇನ್ನು ಚಿತ್ರದ ಅಳತೆ. ಅರ್ಜಿಯಲ್ಲಿ ಹೆಚ್ಚಾಗಿ ಕೇಳುವುದು ಚಿತ್ರದ ಅಳತೆ, ಗೋಡೆ ಹತ್ತುವುದು ಚೌಕಟ್ಟು. ಅರ್ಧ ಇಂಪೀರಿಯಲ್ ಕಾಗದ 15 × 22 ಇಂಚು. ಅದಕ್ಕೆ ಸುತ್ತ 3 ಇಂಚು ಮೌಂಟ್ (ಚಿತ್ರದ ಸುತ್ತ ಹಾಕುವ ರಟ್ಟಿನ ಅಂಚು), 1 ಇಂಚು ಚೌಕಟ್ಟಿನ ಪಟ್ಟಿ ಸೇರಿದರೆ 23 × 30 ಆಗುತ್ತದೆ. ಅಡ್ಡ ಚಿತ್ರವಾದರೆ ಅಗಲ 30 ಇಂಚು, ಪಕ್ಕದ ಚಿತ್ರಕ್ಕೆ ಅಂತರ 18 ಇಂಚು. ಅಂದರೆ ಒಂದು ಚಿತ್ರಕ್ಕೆ 4 ಅಡಿ. 92 ಅಡಿಗೆ 23 ಚಿತ್ರ.

ಕಲಾವಿದರು 24, ಒಂದೇ ಸಾಲಿನಲ್ಲಿ ಹಿಡಿಸುವುದು 23. "ಪ್ರತಿಯೊಬ್ಬರದ್ದು ಒಂದು" ಎಂದು ಮೊದಲೇ ಒಪ್ಪಿಕೊಂಡುಬಿಟ್ಟರೆ ಸಮಿತಿಗೆ ಆರಿಸಲು ಏನೂ ಉಳಿಯುವುದಿಲ್ಲ. ಉದ್ದ ನಿಂತ ಚಿತ್ರಗಳು ಕೆಲವಿರುತ್ತವೆ, 12 ಇಂಚಿಗಿಂತ ಚಿಕ್ಕವನ್ನು ಒಂದರ ಮೇಲೊಂದು ಹಾಕಬಹುದು; ಹಾಗೆ ನೋಡಿದರೆ 28ರವರೆಗೆ ಹೋಗಬಹುದು. 8 ಅಡಿ ಎತ್ತರ 4 ಅಡಿ ಅಗಲದ ನಿಲ್ಲುವ ಪ್ಯಾನೆಲ್ ನಾಲ್ಕು ಬಾಡಿಗೆಗೆ ತಂದರೆ ಎರಡೂ ಬದಿ ಸೇರಿ ಇನ್ನು 8. ಆದರೆ 24 ಅಡಿ ಅಗಲದ ಹಾಲ್‌ನ ನಡುವೆ ಪ್ಯಾನೆಲ್ ಬಂದರೆ ಎರಡೂ ಕಡೆ ಉಳಿಯುವುದು 11 ಅಡಿ. ಚಿತ್ರದ ಕರ್ಣದ ಎರಡು ಪಟ್ಟು ದೂರದಿಂದ ನೋಡಲು ಜಾಗ ಬೇಕು ಎಂಬ ಲೆಕ್ಕಕ್ಕೆ ಇದು ಸಾಕು. ಉದ್ಘಾಟನೆಗೆ ಕುರ್ಚಿ ಹಾಕುವುದಾದರೆ ಮಾತ್ರ ಪ್ಯಾನೆಲ್ ಬೇಡ, ಕುರ್ಚಿ ಎಳೆಯುವಾಗ ಬೀಳುತ್ತದೆ.

ನಾನಾದರೆ ಪ್ಯಾನೆಲ್ ಬಿಟ್ಟು 26ಕ್ಕೆ ನಿಲ್ಲಿಸುತ್ತೇನೆ. ಶಿಲ್ಪ ಬೇರೆ, ಅದಕ್ಕೆ ನೆಲದ ಲೆಕ್ಕ: 36ರಿಂದ 42 ಇಂಚು ಎತ್ತರದ ಪೀಠ, ಸುತ್ತ 3 ಅಡಿ ಖಾಲಿ, ಬಾಗಿಲಿನ ನೇರದಲ್ಲಿ ಬೇಡ. ಟೆರಾಕೋಟಾಕ್ಕೆ ಹಗುರ ಪ್ಲೈವುಡ್ ಪೀಠ ಮಾಡಿಸಿದರೆ ಒಳಗೆ ಮರಳು ಚೀಲ ಇಡಿ. ಮಕ್ಕಳ ಕೈ ತಗುಲಿದರೆ ಶಿಲ್ಪಕ್ಕಿಂತ ಮೊದಲು ಪೀಠ ಮಗುಚುವುದು.

ಬಿಳಿಹಾಳೆ ಉತ್ತರಿಸಿದ್ದು:

ಅಂಕ ಕೂಡಿಸುವ ಬಗ್ಗೆ. ದಯವಿಟ್ಟು ಬೇಡ. ಐವರೂ 6 ಕೊಟ್ಟ ಚಿತ್ರಕ್ಕೆ 30 ಬರುತ್ತದೆ. ಇಬ್ಬರು 9 ಕೊಟ್ಟು, ಉಳಿದವರು 4, 4, 3 ಕೊಟ್ಟ ಚಿತ್ರಕ್ಕೆ 29. ಮೊದಲನೆಯದು ಒಳಗೆ, ಎರಡನೆಯದು ಹೊರಗೆ. ಯಾರಿಗೂ ತೊಂದರೆ ಕೊಡದ, ಯಾರನ್ನೂ ನಿಲ್ಲಿಸದ ಚಿತ್ರಗಳೇ ಗೋಡೆ ತುಂಬುತ್ತವೆ. ಇಬ್ಬರು ತಿಳಿದವರು 9 ಕೊಟ್ಟಿದ್ದಾರೆ ಎಂದರೆ ಅಲ್ಲಿ ಏನೋ ಉಂಟು, ಅದನ್ನು ಮಾತಾಡಿ ನೋಡಬೇಕು. ಇನ್ನೊಂದು ತೊಂದರೆ, ಒಬ್ಬರು 2ರಿಂದ 10ರವರೆಗೆ ಧಾರಾಳವಾಗಿ ಹಾಕುತ್ತಾರೆ, ಇನ್ನೊಬ್ಬರು 6ರಿಂದ 8ರೊಳಗೇ ಇರುತ್ತಾರೆ. ಕೂಡಿಸಿದಾಗ ಮೊದಲಿನವರ ಅಭಿಪ್ರಾಯವೇ ಫಲಿತಾಂಶವಾಗುತ್ತದೆ.

ಮೂರು ಚೀಟಿ ಸಾಕು: "ಇರಲಿ", "ನೋಡೋಣ", "ಬೇಡ". ಕ್ರಮ ಹೀಗಿಟ್ಟುಕೊಳ್ಳಿ. ಮೊದಲ ಸುತ್ತು ಪರದೆಯ ಮೇಲೆ. 71ನ್ನೂ ತಲಾ 10 ಸೆಕೆಂಡಿನಂತೆ ಒಮ್ಮೆ ಮೌನವಾಗಿ ತೋರಿಸಿ, ಮತ ಇಲ್ಲ, ಮಾತೂ ಇಲ್ಲ. 12 ನಿಮಿಷದ ಕೆಲಸ. ಇದನ್ನು ಬಿಟ್ಟರೆ ಮೊದಲ ಹತ್ತು ಚಿತ್ರಗಳಿಗೆ ಅನ್ಯಾಯ ಆಗುತ್ತದೆ, ಏಕೆಂದರೆ ಮಟ್ಟ ಎಲ್ಲಿದೆ ಎಂದು ತಿಳಿಯುವ ಮೊದಲೇ ಅವುಗಳ ತೀರ್ಮಾನ ಆಗಿಹೋಗಿರುತ್ತದೆ. ಆಮೇಲೆ ತಲಾ 40 ಸೆಕೆಂಡಿನಂತೆ ಚೀಟಿ ಹಾಕುವ ಸುತ್ತು, ಮುಕ್ಕಾಲು ಗಂಟೆ ಚಿಲ್ಲರೆ. ಈ ಸುತ್ತಿನಲ್ಲಿ ಕ್ರಮವನ್ನು ಹಿಂದುಮುಂದು ಮಾಡಿ, ಕೊನೆಗೆ ಬಂದವು ಮೊದಲು ಬರಲಿ. ಕಣ್ಣು ದಣಿದ ಮೇಲೆ "ಬೇಡ" ಹೆಚ್ಚಾಗುತ್ತದೆ.

ಹೆಸರು ತೋರಿಸಬೇಡಿ. ಉಡುಪಿ-ಮಂಗಳೂರಿನಲ್ಲಿ ಶೈಲಿ ನೋಡಿಯೇ ಇದು ಯಾರದ್ದು ಎಂದು ಹೇಳುವವರು ಇದ್ದಾರೆ, ಅದು ತಪ್ಪಿದ್ದಲ್ಲ. ಆದರೂ ಪರದೆಯ ಮೇಲೆ ಹೆಸರು ಇಲ್ಲದಿದ್ದರೆ ಗುರು, ಶಿಷ್ಯ, ಹಿರಿಯರು ಎಂಬ ಸಂಕೋಚ ಅರ್ಧ ಕಡಿಮೆಯಾಗುತ್ತದೆ. ಸಮಿತಿಯವರದ್ದೇ ಕೃತಿ ಅಥವಾ ಅವರ ವಿದ್ಯಾರ್ಥಿಯದ್ದು ಬಂದರೆ ಅವರು ಚೀಟಿ ಹಾಕುವುದಿಲ್ಲ, ಚರ್ಚೆಯಲ್ಲಿ ಬಾಯಿ ತೆರೆಯುವುದಿಲ್ಲ. ಇದನ್ನು ಸಭೆಯ ಮೊದಲೇ ಬರೆದು ಎಲ್ಲರ ಸಹಿ ತೆಗೆದುಕೊಳ್ಳಿ.

ಫೋಟೋಗಳ ಬಗ್ಗೆ ಎರಡು ಮಾತು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸಿಯೇ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ, ಉದ್ದ ಬದಿ ಕನಿಷ್ಠ 2000 ಪಿಕ್ಸೆಲ್ ಇರಲಿ. ಪರದೆಯ ಮೇಲೆ 8 ಇಂಚಿನ ಚಿತ್ರವೂ 3 ಅಡಿಯದ್ದೂ ಒಂದೇ ದೊಡ್ಡದಾಗಿ ಕಾಣುತ್ತವೆ. ಆದ್ದರಿಂದ ಪ್ರತಿ ಸ್ಲೈಡಿನ ಮೂಲೆಯಲ್ಲಿ ಐದೂವರೆ ಅಡಿಯ ಮನುಷ್ಯಾಕೃತಿಯ ಪಕ್ಕ ಆ ಚಿತ್ರವನ್ನು ಸರಿಯಾದ ಪ್ರಮಾಣದಲ್ಲಿ ಇಡಿ. ಈ ಒಂದು ಕೆಲಸದಿಂದ ಎಷ್ಟೋ ತೀರ್ಮಾನ ಬದಲಾಗುತ್ತವೆ.

ಮೊದಲ ಸುತ್ತಿನಿಂದ 40ರಷ್ಟು ಉಳಿಸಿ, ಅವುಗಳನ್ನು ಕಣ್ಣಾರೆ ನೋಡಿಯೇ 26 ಮಾಡಿ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋ ನೋಡಿ ಜಲವರ್ಣವನ್ನು ತೀರ್ಮಾನಿಸುವುದು ನ್ಯಾಯವಲ್ಲ. ಕೊನೆಗೆ ಸಮಿತಿಯ ಪ್ರತಿಯೊಬ್ಬರಿಗೂ ಒಂದು ಖಾತ್ರಿ ಮತ ಕೊಡಿ: ಉಳಿದ ನಾಲ್ವರು ಬೇಡವೆಂದರೂ ಅವರು ಕಾರಣ ಹೇಳಿ ಒಂದು ಕೃತಿಯನ್ನು ಒಳಗೆ ತರಬಹುದು. ಪ್ರದರ್ಶನದಲ್ಲಿ ಜನ ಮಾತಾಡಿಕೊಳ್ಳುವ ಚಿತ್ರ ಹೆಚ್ಚಾಗಿ ಹೀಗೆ ಬಂದದ್ದೇ ಆಗಿರುತ್ತದೆ.

ಕುಂಚ_ಉಡುಪಿ:

ತುಂಬ ಉಪಯೋಗವಾಯಿತು. ಚೀಟಿ ಪದ್ಧತಿಗೆ ಸಮಿತಿಯವರು ಒಪ್ಪಿಯಾರು. ಆದರೆ "ಒಬ್ಬರಿಗೆ ಒಂದು" ಇನ್ನೂ ಬಗೆಹರಿದಿಲ್ಲ. ಯಕ್ಷಗಾನದ 14ರ ಬಗ್ಗೆಯೂ ಯಾರಾದರೂ ಹೇಳಿ. ಅವುಗಳಲ್ಲಿ ನಾಲ್ಕೈದು ಒಳ್ಳೆಯ ಕೈಯವೇ.

ತೆಂಕುಬಡಗು ಉತ್ತರಿಸಿದ್ದು:

ಕರಾವಳಿಯ ಯಾವ ಸಮೂಹ ಪ್ರದರ್ಶನಕ್ಕೂ ಯಕ್ಷಗಾನ, ದೋಣಿ, ಕಂಬಳ ಬಂದೇ ಬರುತ್ತವೆ, ಬರಲಿ. ನಮ್ಮ ಊರಿನ ಚಿತ್ರಗಾರ ನಮ್ಮ ಊರನ್ನು ಬರೆಯದೆ ಇನ್ನೇನು ಬರೆಯಬೇಕು? "ವಿಷಯ ಹಳತು" ಎಂಬ ಕಾರಣಕ್ಕೆ ಹೊರಗಿಡುವುದು ತಪ್ಪು. ಹಾಗೆಯೇ "ನಮ್ಮ ಸಂಸ್ಕೃತಿ" ಎಂಬ ಕಾರಣಕ್ಕೆ ಒಳಗೆ ತರುವುದೂ ತಪ್ಪು.

14ನ್ನೂ ಒಟ್ಟಿಗೆ ಒಂದೇ ಪರದೆಯಲ್ಲಿ ಚಿಕ್ಕದಾಗಿ ಹಾಕಿ ನೋಡಿ. ಹೆಚ್ಚಿನವು ಮುಖದ ಸಮೀಪಚಿತ್ರ: ಕಿರೀಟ, ಕಣ್ಣು, ಮೀಸೆ, ಹಿಂದೆ ಕಪ್ಪು ಅಥವಾ ಕೆಂಪು. ಇವು ರಂಗಸ್ಥಳದ ಮುಂದೆ ಕೂತು ಟೆಲಿಫೋಟೋ ಲೆನ್ಸಿನಿಂದ ತೆಗೆದ ಫೋಟೋದಿಂದ ಬಂದವು. ಗುರುತು ಸುಲಭ: ಕಣ್ಣಿನ ಮಿಂಚಿನಲ್ಲಿ ರಂಗಸ್ಥಳದ ದೀಪ ಫೋಟೋದಲ್ಲಿ ಇದ್ದಂತೆಯೇ ಇರುತ್ತದೆ, ಕಿರೀಟದ ತುದಿ ಫೋಟೋದ ಅಂಚಿಗೆ ಕಡಿದಂತೆ ಕಡಿದಿರುತ್ತದೆ, ಹಿನ್ನೆಲೆಯ ಮಸುಕು ಕುಂಚದ್ದಲ್ಲ, ಲೆನ್ಸಿನದ್ದು. ಆ ಫೋಟೋ ಕಲಾವಿದರದ್ದೇ ಆದರೆ ಕಲೆಯ ಮಟ್ಟಿಗೆ ಮಾತ್ರ ಚರ್ಚೆ. ಬೇರೆಯವರದ್ದಾದರೆ ಹಕ್ಕು ಫೋಟೋಗ್ರಾಫರ್‌ದು, ಒಪ್ಪಿಗೆ ಇಲ್ಲದೆ ಮಾರಾಟಕ್ಕೆ ಇಡಬಾರದು. ಅರ್ಜಿಯಲ್ಲಿ ಒಂದು ಸಾಲು ಕೇಳಿ: "ಈ ಕೃತಿಗೆ ಆಧಾರವಾದ ಫೋಟೋ ಅಥವಾ ಚಿತ್ರ ಯಾರದ್ದು?" ಕೇಳಿದ ಕೂಡಲೇ ಎರಡು ಮೂರು ಕೃತಿ ತಾವಾಗಿಯೇ ಹಿಂದೆ ಹೋಗುತ್ತವೆ.

ದೊಡ್ಡ ಕಲಾವಿದರ ಕೃತಿಯ ನಕಲಿಗೂ ಇದೇ ಮಾತು. ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಧಿ ಕಲಾವಿದರ ಜೀವಿತ ಮತ್ತು ಆಮೇಲೆ 60 ವರ್ಷ. ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ. ಅಂದರೆ ಅವರ ಕೃತಿಗಳ ಹಕ್ಕು 2056ರ ಕೊನೆಯವರೆಗೆ ಉಂಟು. ಅಭ್ಯಾಸಕ್ಕೆ ನಕಲು ಮಾಡುವುದು ಕಲಿಕೆಯ ಒಳ್ಳೆಯ ದಾರಿ, ಆದರೆ ಅದು ಮನೆಯಲ್ಲಿರಲಿ.

ಇನ್ನು ವೇಷ. ಬಡಗು, ತೆಂಕು ಎಂದರೆ ಯಕ್ಷಗಾನದ ಬೇರೆ ಬೇರೆ ಶೈಲಿಗಳು. ಬಡಗಿನ ಕೇದಗೆ ಮುಂದಲೆ (ಒಂದು ಬಗೆಯ ಮುಂಡಾಸು) ಕಟ್ಟಿದ ತಲೆಗೆ ತೆಂಕಿನ ಬಣ್ಣದ ವೇಷದ (ರಾಕ್ಷಸ ಪಾತ್ರದ) ಚಿಟ್ಟಿ (ಅಕ್ಕಿಹಿಟ್ಟಿನ ಚುಕ್ಕೆ) ಇಟ್ಟ ಮುಖ ಜೋಡಿಸಿದ ಚಿತ್ರಗಳು ಬರುತ್ತವೆ. ಕಲಾವಿದರು ಬೇಕೆಂದೇ ಬೆರೆಸಿದ್ದರೆ ಅದು ಚಿತ್ರದಲ್ಲೇ ಕಾಣುತ್ತದೆ, ಉಳಿದ ಭಾಗವೂ ಹಾಗೆಯೇ ಬಿಡುಬೀಸಾಗಿರುತ್ತದೆ. ಉಳಿದದ್ದೆಲ್ಲ ಇದ್ದದ್ದಿದ್ದಂತೆ ಬರೆದು ಇದೊಂದು ಬೆರೆತಿದ್ದರೆ ನೋಡಿಲ್ಲ ಎಂದೇ ಅರ್ಥ. ಉಡುಪಿಯಲ್ಲಿ ಪ್ರದರ್ಶನ ನೋಡಲು ಬರುವವರಲ್ಲಿ ಅರ್ಧ ಜನ ಯಕ್ಷಗಾನದ ಆಟ ನೋಡಿ ಬೆಳೆದವರು, ಬಾಗಿಲಲ್ಲೇ ಹಿಡಿಯುತ್ತಾರೆ.

ನನ್ನ ಸಲಹೆ: 14ರಲ್ಲಿ 4, ಹೆಚ್ಚೆಂದರೆ 5. ಒಂದಕ್ಕೊಂದು ಬೇರೆ ಇರಬೇಕು. ಒಂದು ಮುಖ, ಒಂದು ಕುಣಿತದ ಗತಿ, ಒಂದು ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಚ್ಚಿಕೊಳ್ಳುವುದು, ಒಂದು ವೇಷದ ಬಣ್ಣವನ್ನಷ್ಟೇ ಹಿಡಿದ ಅಮೂರ್ತ. ಇವು ನಾಲ್ಕು ಇದ್ದರೆ ಐದನೆಯ ಮುಖಕ್ಕೆ ಎಷ್ಟೇ ಒಳ್ಳೆಯ ಕೈ ಇದ್ದರೂ ಈ ಬಾರಿ ಜಾಗ ಇಲ್ಲ. ಅದೇ ಕಲಾವಿದರ ಉಳಿದ ಎರಡು ಕೃತಿ ನೋಡಿ, ಬಹಳ ಸಲ ಅವುಗಳಲ್ಲೇ ಅವರು ಹೆಚ್ಚು ಕಾಣುತ್ತಾರೆ. ಮಲ್ಪೆಯ ದೋಣಿಗಳಿಗೂ ಹೀಗೆಯೇ, 9ರಲ್ಲಿ 3 ಸಾಕು.

ಗೋಡೆ_ಅಳತೆ:

ತೆಂಕುಬಡಗು ಅವರ ಕೊನೆಯ ಮಾತಿನಲ್ಲೇ "ಒಬ್ಬರಿಗೆ ಒಂದು" ಎಂಬುದಕ್ಕೂ ಉತ್ತರ ಉಂಟು. ಸದಸ್ಯರ ಪ್ರದರ್ಶನ ಬೇರೆ, ಆಯ್ದ ಪ್ರದರ್ಶನ ಬೇರೆ. ಮೊದಲನೆಯದರಲ್ಲಿ ಎಲ್ಲರಿಗೂ ಜಾಗ ಖಾತ್ರಿ, ಯಾವುದು ಎಂದು ಮಾತ್ರ ಸಮಿತಿ ಹೇಳುತ್ತದೆ. ಎರಡನೆಯದರಲ್ಲಿ ಯಾರಿಗೂ ಖಾತ್ರಿ ಇಲ್ಲ. ನೀವು "ಆಯ್ದ" ಎಂದು ಅಚ್ಚು ಹಾಕಿಸಿದ್ದೀರಿ, ಅದಕ್ಕೆ ನಿಲ್ಲಬೇಕು. ಆದರೆ ಆಯ್ಕೆಯ ಕ್ರಮ ಹೀಗಿರಲಿ: ಮೊದಲು ಪ್ರತಿಯೊಬ್ಬರ ಮೂರನ್ನೂ ಒಟ್ಟಿಗಿಟ್ಟು ಅವರ ಅತ್ಯುತ್ತಮವನ್ನು ಗುರುತಿಸಿ. ಈ 24 ಒಂದು ಪಟ್ಟಿ. ಅವುಗಳಲ್ಲಿ ಗೋಡೆಗೆ ಯೋಗ್ಯವಾದವು ಎಷ್ಟು ಎಂದು ನೋಡಿ, 18 ಎಂದಿಟ್ಟುಕೊಳ್ಳಿ. ಉಳಿದ 8 ಜಾಗವನ್ನು ಗಟ್ಟಿ ಕೆಲಸ ಇರುವ ನಾಲ್ಕೈದು ಜನರಿಗೆ ಎರಡನೆಯದು ಮೂರನೆಯದು ಎಂದು ಕೊಡಿ. ಒಬ್ಬರ ಎರಡು ಮೂರು ಕೃತಿ ಪಕ್ಕಪಕ್ಕ ಬಂದಾಗ ನೋಡುವವರಿಗೆ ಆ ಕೈಯ ಗುಣ ತಿಳಿಯುತ್ತದೆ. ಇಪ್ಪತ್ತಾರು ಜನರ ಇಪ್ಪತ್ತಾರು ಚಿತ್ರ ಎಂದರೆ ಯಾರದ್ದೂ ತಲೆಯಲ್ಲಿ ಉಳಿಯುವುದಿಲ್ಲ.

ಚೌಕಟ್ಟು_ಕದ್ರಿ ಉತ್ತರಿಸಿದ್ದು:

ಎರಡನೇ ಸುತ್ತಿಗೆ ಕೃತಿ ಕೈಗೆ ಬಂದಾಗ ಚಿತ್ರದ ಜೊತೆ ಹಿಂಬದಿಯನ್ನೂ ನೋಡಿ ಮಾರಾಯ್ರೇ. ಅರ್ಧ ಸಮಸ್ಯೆ ಅಲ್ಲೇ ಇರುವುದು.

ಮಳೆಗಾಲದಲ್ಲಿ ಚೌಕಟ್ಟು ಹಾಕಿಸಿದ ಜಲವರ್ಣವನ್ನು ಬಿಚ್ಚಿಸಿ ನೋಡಿ. ಆಗಸ್ಟ್‌ನಲ್ಲಿ ಕಾಗದ ತೇವ ಹೀರಿಕೊಂಡಿರುತ್ತದೆ, ಹಾಗೆಯೇ ಗಾಜು ಹಾಕಿ ಹಿಂದೆ ಟೇಪು ಅಂಟಿಸಿದರೆ ತೇವ ಒಳಗೇ ಉಳಿಯುತ್ತದೆ. ಗಾಳಿಯ ತೇವಾಂಶ ಶೇಕಡಾ 65-70 ದಾಟಿದಲ್ಲಿ ಬೂಸ್ಟು ಬೆಳೆಯುತ್ತದೆ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಮೌಂಟ್ ಇಲ್ಲದೆ ಕಾಗದ ನೇರ ಗಾಜಿಗೆ ತಾಗಿದ್ದರೆ ಅಂಟಿಕೊಳ್ಳುತ್ತದೆ, ಬಿಡಿಸುವಾಗ ಬಣ್ಣ ಗಾಜಿನ ಜೊತೆ ಬರುತ್ತದೆ. ಅಂಥದ್ದು ಕಂಡರೆ ಎಳೆಯಬೇಡಿ, ಕಲಾವಿದರಿಗೆ ತಿಳಿಸಿ. ಬೂಸ್ಟಿನ ಚುಕ್ಕೆ ಇರುವ ಕೃತಿಯನ್ನು ಉಳಿದವುಗಳ ಜೊತೆ ಒಂದೇ ಕೋಣೆಯಲ್ಲಿ ಪೇರಿಸಬೇಡಿ.

ಅಕ್ರಿಲಿಕ್‌ಗೆ ಬಬಲ್ ರ‍್ಯಾಪ್ ನೇರ ಸುತ್ತಬಾರದು. ಅಕ್ರಿಲಿಕ್ ಪದರ ನಮ್ಮ ಸೆಖೆಗೆ ಮೆತ್ತಗಾಗುತ್ತದೆ, ಮಂಗಳೂರಿನಿಂದ ಉಡುಪಿಗೆ ಹೆದ್ದಾರಿ 66ರಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಾರಿನ ಡಿಕ್ಕಿಯಲ್ಲಿ ಬಂದರೆ ಗುಳ್ಳೆಗಳ ಅಚ್ಚು ಚಿತ್ರದ ಮೇಲೆ ಮೂಡಿರುತ್ತದೆ, ಆಮೇಲೆ ಹೋಗುವುದಿಲ್ಲ. ಮೊದಲು ಗ್ಲಾಸಿನ್ ಕಾಗದ (ನುಣುಪಾದ ತೆಳು ಕಾಗದ) ಅಥವಾ ಸಿಲಿಕೋನ್ ಲೇಪದ ಬೇಕಿಂಗ್ ಕಾಗದ, ಅದರ ಮೇಲೆ ಬಬಲ್ ರ‍್ಯಾಪ್, ಗುಳ್ಳೆ ಹೊರಗೆ. ಎರಡು ಕ್ಯಾನ್ವಾಸ್ ಮುಖಕ್ಕೆ ಮುಖ ಇಟ್ಟು ಸಾಗಿಸುವುದೂ ಬೇಡ.

ತೈಲವರ್ಣ ಕಳೆದ ತಿಂಗಳು ಮುಗಿಸಿದ್ದಾದರೆ ಮೇಲೆ ಮುಟ್ಟಿದರೆ ಒಣಗಿದಂತಿರುತ್ತದೆ, ಒಳಗೆ ಹಸಿ. ವಾರ್ನಿಷ್‌ಗೆ ಆರು ತಿಂಗಳಿಂದ ಒಂದು ವರ್ಷ ಬೇಕು. ಪ್ರದರ್ಶನಕ್ಕೆಂದು ಹೊಳಪು ಬರಲಿ ಎಂದು ಹಿಂದಿನ ದಿನ ವಾರ್ನಿಷ್ ಬಳಿದರೆ ಮುಂದೆ ಬಿರುಕು ಬಿಡುತ್ತದೆ. ಹಾಗೆಯೇ ತೂಗಿಸಿ.

ತೂಕ: 24 × 36 ಇಂಚಿನ ಕಾಗದದ ಚಿತ್ರಕ್ಕೆ ಮೌಂಟು ಪಟ್ಟಿ ಸೇರಿ 32 × 44 ಆದರೆ, 3 ಮಿ.ಮೀ. ಗಾಜಿನ ತೂಕವೇ 7 ಕಿಲೋದ ಹತ್ತಿರ. ಅದೇ ದಪ್ಪದ ಅಕ್ರಿಲಿಕ್ ಹಾಳೆಯಾದರೆ ಮೂರೂಕಾಲು ಕಿಲೋ. ಹಾಳೆಗೆ ಗೀರು ಬೇಗ ಬೀಳುತ್ತದೆ, ಒರೆಸಿದರೆ ಧೂಳು ಎಳೆಯುತ್ತದೆ, ಇದ್ದಿಲು ಮತ್ತು ಪಾಸ್ಟೆಲ್‌ಗೆ ಆಗುವುದಿಲ್ಲ, ಪುಡಿಯನ್ನು ಎಳೆದುಕೊಳ್ಳುತ್ತದೆ. ಉಳಿದ ದೊಡ್ಡ ಚಿತ್ರಗಳಿಗೆ ಹಾಳೆಯೇ ಒಳ್ಳೆಯದು. ಹಿಂದೆ ಎರಡು ಡಿ-ರಿಂಗ್ (ತಂತಿ ಕಟ್ಟುವ D ಆಕಾರದ ಬಳೆ), ಮೇಲಿನಿಂದ ಮೂರನೇ ಒಂದು ಭಾಗಕ್ಕೆ. ತಂಗೂಸಿ (ಗಾಳದ ನೈಲಾನ್ ದಾರ) ಬೇಡವೇ ಬೇಡ. ಮೀನು ಎಳೆಯಲು ಅದು ಸರಿ, ಆದರೆ ಐದು ದಿನ ಭಾರ ತೂಗಿದರೆ ಹಿಗ್ಗುತ್ತದೆ, ಗಂಟು ಜಾರುತ್ತದೆ. ಒಂದೂವರೆ ಮಿ.ಮೀ. ಸ್ಟೀಲ್ ತಂತಿ ಹಾಕಿ. ಒಂದೇ ಮೊಳೆಗೆ ತೂಗಿಸಿದ ಚಿತ್ರ ಫ್ಯಾನ್ ಗಾಳಿಗೆ ದಿನವೂ ವಾಲುತ್ತದೆ, ಎರಡು ಕೊಕ್ಕೆ ಕೊಡಿ.

ಹಾಲ್‌ನ ಗೋಡೆ ಮುರಕಲ್ಲಿನದ್ದೋ (ಜಂಬಿಟ್ಟಿಗೆ ಕಲ್ಲು) ಎಂದು ಕೇಳಿದ್ದೀರಾ? ಹಳೆಯ ಕಟ್ಟಡವಾದರೆ ಗಾರೆಯ ಹಿಂದೆ ಕಲ್ಲಿನಲ್ಲಿ ತೂತುಗಳಿರುತ್ತವೆ, ಪ್ಲಗ್ ತಿರುಗುತ್ತಲೇ ಇರುತ್ತದೆ. ಮೇಲೆ ರೈಲ್ ಅಥವಾ ಪೈಪ್ ಇದ್ದರೆ ಅದರಿಂದಲೇ ಇಳಿಬಿಡಿ. ಇಲ್ಲದಿದ್ದರೆ 5 ಕಿಲೋ ದಾಟಿದ ಕೃತಿಗಳನ್ನು ಆರಿಸುವಾಗಲೇ ಅವುಗಳಿಗೆ ಸ್ಟ್ಯಾಂಡ್ ಉಂಟೋ ಎಂದು ಯೋಚಿಸಿ.

ಸ್ವೀಕರಿಸುವಾಗ ಮುಂದೆ, ಹಿಂದೆ, ನಾಲ್ಕು ಮೂಲೆ ಫೋಟೋ ತೆಗೆದು ರಶೀದಿ ಕೊಡಿ. ಬೆಲೆ, ಮಾರಾಟದ ಕಮಿಷನ್, ವಾಪಸ್ ಒಯ್ಯುವ ದಿನ ಅದೇ ಚೀಟಿಯಲ್ಲಿರಲಿ.

ಗೋಡೆ_ಅಳತೆ:

ಕಿಟಕಿಯ ಎದುರಿನ ಗೋಡೆಗೆ ಗಾಜು ಹಾಕಿದ ಜಲವರ್ಣ ಬೇಡ ಎಂದು ಸೇರಿಸುತ್ತೇನೆ. ಐದು ದಿನಕ್ಕೆ ಬಣ್ಣ ಮಾಸುವ ಭಯಕ್ಕಿಂತ ಪ್ರತಿಫಲನದ ತೊಂದರೆ ದೊಡ್ಡದು, ನೋಡುವವರಿಗೆ ಚಿತ್ರದ ಬದಲು ಕಿಟಕಿಯೇ ಕಾಣುತ್ತದೆ. ಆ ಗೋಡೆಗೆ ಕ್ಯಾನ್ವಾಸ್.

ಮತ್ತು 26ನ್ನು ಅಂತಿಮ ಎಂದು ಘೋಷಿಸುವ ಮೊದಲು ಕಾಗದದ ಗೋಡೆ ಮಾಡಿ. 1 ಅಡಿಗೆ 1 ಇಂಚು ಲೆಕ್ಕದಲ್ಲಿ ನಾಲ್ಕು ಗೋಡೆಗಳನ್ನು ರಟ್ಟಿನ ಪಟ್ಟಿಗಳಲ್ಲಿ ಕತ್ತರಿಸಿ, ಬಾಗಿಲು ಕಿಟಕಿ ಗುರುತಿಸಿ. ಚಿತ್ರಗಳನ್ನು ಚೌಕಟ್ಟು ಸೇರಿದ ಅಳತೆಗೆ ಅದೇ ಪ್ರಮಾಣದಲ್ಲಿ ಮುದ್ರಿಸಿ ಗುಂಡುಪಿನ್ನಿನಿಂದ ಚುಚ್ಚಿ. ಚಿತ್ರದ ನಡುಮಧ್ಯ ನೆಲದಿಂದ 58 ಇಂಚಿಗೆ ಬರಬೇಕು, ಮೇಲಂಚು ಸಾಲಾಗಿ ಇರಬೇಕಿಲ್ಲ. ಬಾಗಿಲಲ್ಲಿ ನಿಂತರೆ ನೇರ ಕಾಣುವ 24 ಅಡಿಯ ಗೋಡೆಗೆ ಏನು ಬರುತ್ತದೆ ಎಂದು ಮೊದಲು ತೀರ್ಮಾನಿಸಿ. ಅಲ್ಲಿ ದೂರದಿಂದ ಎಳೆಯುವ ಒಂದು ದೊಡ್ಡ ಚಿತ್ರ, ಅದರ ಎರಡೂ ಕಡೆ ಶಾಂತವಾದವು. ಎರಡು ಗಟ್ಟಿ ಚಿತ್ರ ಅಕ್ಕಪಕ್ಕ ಬಂದರೆ ಎರಡೂ ಸೋಲುತ್ತವೆ.

ಈ ಹಂತದಲ್ಲಿ ಒಂದೆರಡು ಕೃತಿ ಎಲ್ಲಿಟ್ಟರೂ ಹೊಂದುವುದಿಲ್ಲ. ಅವು ಕೆಟ್ಟವೆಂದಲ್ಲ. "ನೋಡೋಣ" ಪಟ್ಟಿಯಿಂದ ಬೇರೆಯದನ್ನು ಚುಚ್ಚಿ ನೋಡಿ. ಅದಕ್ಕೇ 26ರ ಜೊತೆ 4 ಕಾಯ್ದಿಟ್ಟ ಕೃತಿಗಳಿರಬೇಕು. ಕೊನೆ ಗಳಿಗೆಯಲ್ಲಿ ಚೌಕಟ್ಟು ಆಗದೆ ಬಂದವುಗಳ ಬದಲಿಗೂ ಅವೇ ಬೇಕಾಗುತ್ತವೆ.

ಕುಂಚ_ಉಡುಪಿ:

ರಟ್ಟಿನ ಗೋಡೆ ಈ ಭಾನುವಾರವೇ ಶುರು. ಕೊನೆಯದಾಗಿ, ಆಯ್ಕೆಯಾಗದವರಿಗೆ ತಿಳಿಸುವುದು ಹೇಗೆ? ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಪಟ್ಟಿ ಹಾಕಿದರೆ ಆಗುತ್ತದೆಯೇ?

ಬಿಳಿಹಾಳೆ:

ಗುಂಪಿನಲ್ಲಿ ಬೇಡ. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ, 24 ಜನರಿಗೂ ಒಂದೇ ದಿನ, ಸಾಧ್ಯವಾದರೆ ಒಂದೇ ಗಂಟೆಯೊಳಗೆ. ಆಯ್ಕೆಯಾದವರಿಗೆ ಮೊದಲು ಹೇಳಿದರೆ ಉಳಿದವರಿಗೆ ಸುದ್ದಿ ಪೇಟೆಯಲ್ಲಿ ಸಿಗುತ್ತದೆ. "ಗುಣಮಟ್ಟ ಸಾಲದು" ಎಂದು ಬರೆಯಬೇಡಿ, "ಮುಂದಿನ ಬಾರಿ ಖಂಡಿತ" ಎಂಬ ಭರವಸೆಯೂ ಬೇಡ. ಹೀಗೆ ಬರೆಯಬಹುದು:

"ನೀವು ಕಳಿಸಿದ ಮೂರು ಕೃತಿಗಳನ್ನು ಐವರ ಸಮಿತಿ ಹೆಸರಿಲ್ಲದೆ ನೋಡಿತು. 71 ಕೃತಿಗಳಲ್ಲಿ ಗೋಡೆಗೆ 26ಕ್ಕಷ್ಟೇ ಜಾಗ ಇರುವುದರಿಂದ ಈ ಪ್ರದರ್ಶನಕ್ಕೆ ಅವುಗಳನ್ನು ತೆಗೆದುಕೊಳ್ಳಲಾಗಲಿಲ್ಲ. ಸಮಿತಿ ನಿಮ್ಮ ಎರಡನೆಯ ಕೃತಿಯ ಬಗ್ಗೆ ಹೆಚ್ಚು ಹೊತ್ತು ಚರ್ಚಿಸಿತು. ಬೇಕಿದ್ದರೆ ಆ ಮಾತುಗಳನ್ನು ಮುಖತಃ ಹೇಳಲು ಇಬ್ಬರು ಸದಸ್ಯರು ಸಿದ್ಧರಿದ್ದಾರೆ."

ಮೂರನೇ ವಾಕ್ಯ ನಿಜವಾಗಿದ್ದರೆ ಮಾತ್ರ ಹಾಕಿ. ಅದಕ್ಕಾಗಿ ಚರ್ಚೆಯ ವೇಳೆ ಒಬ್ಬರು ಪ್ರತಿ ಕೃತಿಯ ಬಗ್ಗೆ ಒಂದೊಂದು ಸಾಲು ಬರೆದಿಟ್ಟುಕೊಳ್ಳಬೇಕು, ಸಮಿತಿಯಲ್ಲಿ ಇಲ್ಲದ ಆರನೆಯವರಾದರೆ ಒಳ್ಳೆಯದು. ಕಾಯ್ದಿಟ್ಟ ನಾಲ್ವರಿಗೆ ಮಾತ್ರ ಸ್ಪಷ್ಟವಾಗಿ "ಕಾಯ್ದಿಟ್ಟಿದ್ದೇವೆ, ನವೆಂಬರ್ 25ರೊಳಗೆ ಕೊನೆಯ ಮಾತು ಹೇಳುತ್ತೇವೆ" ಎಂದು ತಾರೀಕು ಸಮೇತ ತಿಳಿಸಿ, ಆ ತನಕ ಚೌಕಟ್ಟಿಗೆ ಖರ್ಚು ಮಾಡಬೇಡಿ ಎಂದೂ ಹೇಳಿ.